ಬೀಜ ನಮಗೆ, ಹಣ್ಣು ಅವರಿಗೆ

ಹಂಡೆಯ ನೀರಿನಲ್ಲಿ ತೇಲಿದ ಗೇರುಬೀಜಗಳಿಂದ ಎಲ್ಲ ಶುರುವಾಯಿತು ಎಂದು ಬರೆದರೆ ಒಳ್ಳೆಯ ಆರಂಭ ಸಿಗುತ್ತದೆ. ನಿಜದಲ್ಲಿ ಯಾವುದರಿಂದ ಶುರುವಾಯಿತೋ ಗೊತ್ತಿಲ್ಲ. ಆದರೆ ಹಂಡೆ ಇತ್ತು, ಬೀಜ ತೇಲಿದ್ದೂ ಹೌದು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಬಂದರಿನ ಒಬ್ಬ ಬ್ಯಾರಿ ಸಾಹುಕಾರರಲ್ಲಿ ಖರೀದಿಯ ಕೆಲಸ ನೋಡಿಕೊಳ್ಳುತ್ತಿದ್ದೆ. ಅವರು ಹಸಿ ಗೇರುಬೀಜ ಕೂಡಿಹಾಕಿ ಕಾರ್ಖಾನೆಗಳಿಗೆ ಮಾರುವವರು. ಆ ವರ್ಷ ಕದ್ರಿಯ ಹಿಂದಿನ ಒಂದು ಗುಡ್ಡವನ್ನು ಗೇಣಿಗೆ ಹಿಡಿದಿದ್ದರು. ಮೇಲಿಂದ ಕೆಳಗಿನ ತನಕ ಗೇರುಮರಗಳೇ. ಕಾರ್ಖಾನೆಯ ಕಡೆಯ ಮನುಷ್ಯ ಬೀಜ ಕೊಳ್ಳುವ ಮೊದಲು ಒಂದು ಹಿಡಿ ತೆಗೆದು ನೀರಿಗೆ ಹಾಕುತ್ತಿದ್ದ. ಬಲಿತ ಬೀಜ ಮುಳುಗುತ್ತದೆ, ಬಲಿಯದ್ದು ತೇಲುತ್ತದೆ. ನಮ್ಮದು, ಹಿಂದಿನ ಹಂಗಾಮಿನಲ್ಲಿ, ಅರ್ಧಕ್ಕರ್ಧ ತೇಲಿತ್ತು.

"ಪೊರ್ಬುಗಳೇ, ಇದು ಬೀಜವಾ, ಬೆಂಡಾ?" ಎಂದು ಸಾಹುಕಾರರು ನನ್ನನ್ನು ಕೇಳಿದರು. ಕ್ರಿಶ್ಚಿಯನರನ್ನು ಊರಿನಲ್ಲಿ ಕರೆಯುವುದು ಹಾಗೆ. ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಆಮೇಲೆ ಬಂದ ಗೋವೆಯವರ ಜೊತೆ ಕೊಂಕಣಿಯಲ್ಲಿ. ಈಗ ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಮೂರು ಭಾಷೆ ದಾಟುವಷ್ಟರಲ್ಲಿ ಎಷ್ಟು ಉಳಿಯಿತು, ಎಷ್ಟನ್ನು ನಾನು ಸೇರಿಸಿದೆ ಎಂದು ಯಾರೂ ಅಳೆದು ಹೇಳಲಾರರು.

ಬೀಜ ತೇಲಲಿಕ್ಕೆ ಕಾರಣ ಎಲ್ಲರಿಗೂ ಗೊತ್ತಿತ್ತು. ಹೆಕ್ಕುವವರಿಗೆ ಕೂಲಿ ಅಳತೆಯ ಮೇಲೆ. ಬಲಿಯುವ ತನಕ ಕಾದರೆ ಅಷ್ಟರಲ್ಲಿ ಬೇರೆ ಯಾರಾದರೂ ಬಂದು ದೋಟಿಯಿಂದ ಎಳೆದುಕೊಂಡು ಹೋಗುತ್ತಾರೆ. ಹಾಗಾಗಿ ಎಲ್ಲರೂ ಎಲ್ಲರಿಗಿಂತ ಮೊದಲು ಮರ ಅಲುಗಿಸುತ್ತಾರೆ.

"ಗೋವೆಯ ಬೀಜ ಮುಳುಗ್ತದೆ ಅಂತ ಮಚುವೆ ದೋಣಿಯವರು ಹೇಳ್ತಾರೆ. ಯಾಕೆ?"

"ಅವರು ಹಣ್ಣು ತಾನಾಗಿ ಬೀಳುವ ತನಕ ಮರ ಮುಟ್ಟುದಿಲ್ಲವಂತೆ."

"ಹಾಗಾದ್ರೆ ಅವರನ್ನೇ ತರುವ."

"ಅದು ಪರದೇಶ, ಸಾಹುಕಾರ್ರೆ."

"ನಿಮ್ಮ ಭಾಷೆ ಅಲ್ವಾ ಮಾರಾಯ್ರೆ? ನಿಮ್ಮದೇ ಜನ."

"ನಮ್ಮವರು ಅಲ್ಲಿಂದ ಹೊರಟದ್ದು ನನ್ನ ಅಜ್ಜನ ಅಜ್ಜನಿಗೂ ನೆನಪಿರಲಿಕ್ಕಿಲ್ಲ."

"ಅವರಿಗೆ ನೆನಪಿರಬಹುದು. ಹೋಗಿ ಕೇಳಿ."

ಗೋವೆ ಆಗ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಕಾರವಾರದಾಚೆ ಮಾಜಾಳಿ ದಾಟಿದರೆ ಬೇರೆ ಸರಕಾರ, ಬೇರೆ ನಾಣ್ಯ. ಈಚೆ ಬರುವವರಿಗೂ ಆಚೆ ಹೋಗುವವರಿಗೂ ರಹದಾರಿ ಬೇಕು. ನಾನು ಪೊಲೀಸರಲ್ಲಿ ಪರದೇಶಿಗಳ ವಿಷಯ ನೋಡುವ ವಿಭಾಗಕ್ಕೆ ಅರ್ಜಿ ಹಿಡಿದುಕೊಂಡು ಹೋದೆ. ಅಲ್ಲಿನ ಗುಮಾಸ್ತರಿಗೆ ಇಂಥ ಅರ್ಜಿ ಹೊಸತು. ಬರುವ ಕಾರಣ ಎಂಬಲ್ಲಿ ಬರೆಯಲಿಕ್ಕೆ ಅವರಿಗೆ ಅಭ್ಯಾಸವಿದ್ದದ್ದು ಸಂಬಂಧಿಕರ ಭೇಟಿ, ಚಿಕಿತ್ಸೆ, ವ್ಯಾಪಾರ, ಇಷ್ಟೇ. ಗೇರುಬೀಜ ಹೆಕ್ಕುವುದು ಇದರಲ್ಲಿ ಯಾವುದಕ್ಕೂ ಸೇರುವುದಿಲ್ಲ.

"ಬೀಜ ಹೆಕ್ಕಲಿಕ್ಕೆ ಇಲ್ಲಿ ಜನ ಇಲ್ವಾ?" ಎಂದು ಕೇಳಿದರು.

"ಹೆಕ್ಕಲಿಕ್ಕೆ ಇದ್ದಾರೆ. ಹೆಕ್ಕದೆ ಇರಲಿಕ್ಕೆ ಇಲ್ಲ."

ಅವರು ನಗಲಿಲ್ಲ. ಮತ್ತೆ ಬನ್ನಿ ಎಂದರು. ಎಷ್ಟು ಸಲ ಹೋದೆನೋ ಲೆಕ್ಕವಿಟ್ಟಿಲ್ಲ. ಕೊನೆಗೆ 'ಕೃಷಿ, ತಾತ್ಕಾಲಿಕ' ಎಂದು ಬರೆದುಕೊಂಡು ಒಪ್ಪಿದರು. ಭಾಷೆ ಬಲ್ಲವನೇ ಹೊಣೆ ಹೊರಬೇಕೆಂದು ಮುಚ್ಚಳಿಕೆಗೆ ಸಾಹುಕಾರರ ಬದಲು ನನ್ನ ಸಹಿ ತೆಗೆದುಕೊಂಡರು. ಷರತ್ತುಗಳು ಸರಳವಾಗಿದ್ದವು. ಬಂದವರು ಗುಡ್ಡ ಮತ್ತು ಪೇಟೆ ಬಿಟ್ಟು ಹೋಗಬಾರದು. ವಾರಕ್ಕೊಮ್ಮೆ ಠಾಣೆಯಲ್ಲಿ ಹಾಜರಾಗಬೇಕು. ಮಳೆಗಾಲಕ್ಕೆ ಮೊದಲು ವಾಪಸು ದಾಟಬೇಕು, ದಾಟಿಸಿದ್ದಕ್ಕೆ ನಾನು ಮೊಹರು ಹಾಕಿಸಿಕೊಂಡು ಬರಬೇಕು. ಒಬ್ಬರು ಕಾನೂನು ಮುರಿದರೂ ಎಲ್ಲರ ಪರವಾನಗಿ ರದ್ದು. ಮತ್ತೆ ಯಾವಾಗಲೂ ಸಿಗುವುದಿಲ್ಲ.

ಕಾರವಾರದ ಒಬ್ಬ ಕಿರಾಣಿ ವ್ಯಾಪಾರಿಯ ಮೂಲಕ ಸುದ್ದಿ ಹೋಗಿ ಬಂದಿತ್ತು. ನಾನು ಬಸ್ಸು ಹತ್ತಿ ಹೋದೆ. ಆಗ ಕರಾವಳಿಯ ದಾರಿಯೆಂದರೆ ಒಂದೊಂದು ಹೊಳೆಗೂ ಇಳಿದು, ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಇನ್ನೊಂದು ಬಸ್ಸಿಗೆ ಕಾಯುವುದು. ಮಾಜಾಳಿಯ ಈಚೆ ಒಂದು ಚಹಾದಂಗಡಿಯಲ್ಲಿ ಗೋವೆಯ ಕೂಲಿಯವರ ಮುಖ್ಯಸ್ಥ, ಮುಕಾದಮ, ಕೂತಿದ್ದ. ಗಿಡ್ಡ ಮನುಷ್ಯ, ತಲೆಗೆ ಫೆಲ್ಟಿನ ಟೋಪಿ, ಬರಿಗಾಲು. ಅವನ ಪಕ್ಕದಲ್ಲಿ ಅವನ ಹೆಂಡತಿ. ಹಿಂದೆ ಅವರ ಕಡೆಯ ಗಂಡಸರು ಹೆಂಗಸರು ಗಂಟುಮೂಟೆಯ ಮೇಲೆ ಕೂತಿದ್ದರು. ಕೂಲಿಯ ಮಾತಾಯಿತು, ಬಿಡಾರದ ಮಾತಾಯಿತು. ಅಕ್ಕಿ ಯಾರದು, ಮೀನು ಯಾರದು ಎಂಬುದೂ ಆಯಿತು. ಆಮೇಲೆ ಅವನು ಕೇಳಿದ:

"ಬೀಜ ನಿಮಗೆ. ಬೊಂಡು?"

ಬೊಂಡು ಎಂದರೆ ಗೇರುಹಣ್ಣು. ಮಂಗಳೂರಿನಲ್ಲಿ ಗೇರುಹಣ್ಣನ್ನು ಯಾರೂ ವಸ್ತು ಎಂದು ಎಣಿಸುವುದಿಲ್ಲ. ದಾರಿಯಲ್ಲಿ ಹೋಗುವವರು ಒಂದು ಚೀಪುತ್ತಾರೆ, ಗಂಟಲು ತುರಿಸುತ್ತದೆ, ಅಂಗಿಗೆ ಕಲೆಯಾಗುತ್ತದೆ. ಉಳಿದದ್ದು ದನಕ್ಕೆ. ದನ ತಿಂದು ಬಿಟ್ಟದ್ದು ಮರದಡಿಯಲ್ಲೇ ಕೊಳೆಯುತ್ತದೆ.

"ಹಣ್ಣು ಯಾರಿಗೆ ಬೇಕು? ನಿಮಗೇ," ಎಂದೆ.

"ಪೂರ್ತಿ?"

"ಪೂರ್ತಿ."

ಅವನು ಹೆಂಡತಿಯ ಮುಖ ನೋಡಿದ. ಆಮೇಲೆ ಹಿಂದೆ ಕೂತವರಿಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಹೇಳಲು ನನ್ನನ್ನು ಕೇಳಿಕೊಂಡ. ನಾನು ಎದ್ದು ನಿಂತು ಗಟ್ಟಿಯಾಗಿ ಹೇಳಿದೆ: ಬೀಜ ನಮಗೆ, ಹಣ್ಣು ನಿಮಗೆ. ಅವರಲ್ಲಿ ಕೆಲವರು ಶಿಲುಬೆಯ ಗುರುತು ಮಾಡಿಕೊಂಡರು. ಇಷ್ಟು ಸಣ್ಣ ವಿಷಯಕ್ಕೆ ಯಾಕಪ್ಪ ಎಂದು ನನಗೆ ಅನಿಸಿತು ಎಂದು ಈಗ ಅನಿಸುತ್ತದೆ. ಆಗ ಏನೂ ಅನಿಸದೆಯೂ ಇದ್ದಿರಬಹುದು.

ಊರಿಗೆ ಬಂದು ಹೇಳಿದಾಗ ಸಾಹುಕಾರರು ಖುಷಿಪಟ್ಟರು. "ಒಳ್ಳೆದಾಯ್ತು. ನೊಣ ಕಮ್ಮಿ ಆಗ್ತದೆ."

ಗುಡ್ಡಕ್ಕೆ ಬಂದವರು ಮೊದಲು ಗುಡಿಸಿದರು. ಒಂದೊಂದು ಮರದ ಅಡಿಯನ್ನೂ ಅಂಗಳದ ಹಾಗೆ ಮಾಡಿದರು. ತರಗೆಲೆ, ಮುಳ್ಳು, ಕಲ್ಲು ಎಲ್ಲ ತೆಗೆದು ಬದಿಗೆ ಹಾಕಿದರು. ಮತ್ತೆ ಕೂತರು. ಮರದಲ್ಲಿ ಹಳದಿ, ಕೆಂಪು ಹಣ್ಣು ತೂಗುತ್ತಿತ್ತು, ಇವರು ನೆರಳಲ್ಲಿ ಕೂತು ಹಾಡಿಕೊಳ್ಳುತ್ತಿದ್ದರು. ಸಾಹುಕಾರರು ಒಂದು ದಿನ ಕೊಡೆ ಹಿಡಿದು ಗುಡ್ಡ ಹತ್ತಿ ಬಂದವರು ಈ ನೋಟ ನೋಡಿ ನನ್ನ ಕಡೆ ತಿರುಗಿದರು.

"ಎಂತ ಪೊರ್ಬುಗಳೇ, ಇವರನ್ನು ಇಲ್ಲಿ ಕೂರಿಸ್ಲಿಕ್ಕೆ ಅಷ್ಟು ಹೊಳೆ ದಾಟಿಸಿ ತಂದದ್ದಾ? ಕೂರುವವರು ಬಂದರಿನಲ್ಲಿ ಬೇಕಾದಷ್ಟು ಇದ್ರಲ್ಲ?"

"ಬೀಳ್ಲಿಕ್ಕೆ ಕಾಯ್ತಾ ಇದ್ದಾರೆ."

"ಮರ ಬೀಳ್ಲಿಕ್ಕಾ?"

ಆಮೇಲೆ ಹಣ್ಣು ಬೀಳತೊಡಗಿತು. ಬೆಳಗಾದರೆ ಗುಡಿಸಿದ ನೆಲದ ತುಂಬ ಹಣ್ಣು. ಹೆಂಗಸರು ಒಂದೊಂದನ್ನೇ ಎತ್ತಿ, ಬುಡದ ಬೀಜವನ್ನು ತಿರುಪಿ ಬೇರೆ ಮಾಡಿ, ಬೀಜವನ್ನು ಒಂದು ಬುಟ್ಟಿಗೆ, ಹಣ್ಣನ್ನು ಇನ್ನೊಂದಕ್ಕೆ ಹಾಕುತ್ತಿದ್ದರು. ಬೀಜ ಎರಡು ದಿನ ಬಿಸಿಲು ಕಂಡು ಬಂದರಿಗೆ ಇಳಿಯುತ್ತಿತ್ತು. ಕಾರ್ಖಾನೆಯವನು ಹಿಡಿ ತುಂಬ ತೆಗೆದು ನೀರಿಗೆ ಹಾಕಿದ. ಕಲ್ಲು ಹಾಕಿದ ಹಾಗೆ ಮುಳುಗಿತು. ಅವನಿಗೆ ನಂಬಿಕೆ ಬರಲಿಲ್ಲ, ಗೋಣಿಯ ಅಡಿಯಿಂದ ತೆಗೆದು ಹಾಕಿದ. ಅದೂ ಮುಳುಗಿತು. ಸಾಹುಕಾರರು ನನಗೆ ಹೋಟೆಲಿನಿಂದ ಬಿರಿಯಾನಿ ತರಿಸಿದರು.

ಗುಡ್ಡದ ನೆತ್ತಿಯಲ್ಲಿ ಮುರಕಲ್ಲಿನ ಒಂದು ಬಯಲು ಬಂಡೆ ಇತ್ತು. ಗಂಡಸರು ಬಂದ ಹೊಸತರಲ್ಲೇ ಅಲ್ಲಿ ಒಂದು ತೊಟ್ಟಿಯಷ್ಟು ಕಡಿದಿದ್ದರು. ಬೀಜ ತೊಳೆಯಲು ಎಂದುಕೊಂಡಿದ್ದೆ. ಅವರು ತಂದ ಗಂಟುಗಳಲ್ಲಿ ಕಾಡುಬಳ್ಳಿಯ ಸುರುಳಿಗಳಿದ್ದವು. ಬುಟ್ಟಿ ಕಟ್ಟಲು ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಹೋದಾಗ ತೊಟ್ಟಿಯಲ್ಲಿ ಇಬ್ಬರು ಮೊಣಕಾಲಿನ ತನಕ ಹಣ್ಣಿನಲ್ಲಿ ನಿಂತು ತುಳಿಯುತ್ತಿದ್ದರು. ಒಂದು ಬದಿಯಲ್ಲಿ ತುಳಿದ ಸಿಪ್ಪೆಯನ್ನು ಗುಡ್ಡೆ ಹಾಕಿ, ಬಳ್ಳಿಯನ್ನು ಸುತ್ತಲೂ ಬಿಗಿದು, ಮೇಲೆ ಚಪ್ಪಡಿ ಹೇರಿದ್ದರು. ಅದರಿಂದ ತಿಳಿಯಾದ ರಸ ಕಾಲುವೆಯಲ್ಲಿ ಹರಿದು ಮಡಕೆಗೆ ಇಳಿಯುತ್ತಿತ್ತು. ಆ ರಸಕ್ಕೆ ಅವರು ನೀರೊ ಎನ್ನುತ್ತಾರೆ. ನೆರಳಿನಲ್ಲಿ ಮೊದಲೇ ತುಂಬಿಟ್ಟಿದ್ದ ಮಡಕೆಗಳ ಬಾಯಲ್ಲಿ ನೊರೆ ಕಟ್ಟಿತ್ತು. ವಾಸನೆ ಗುಡ್ಡದ ಕೆಳಗಿನ ತನಕ ಬರುತ್ತಿತ್ತಂತೆ, ನನ್ನ ಮೂಗಿಗೆ ಮಾತ್ರ ಅದುವರೆಗೆ ತಟ್ಟಿರಲಿಲ್ಲ.

"ಬಾಬ್," ಎಂದ ಮುಕಾದಮ, "ಪೇಟೆಯಲ್ಲಿ ತಾಮ್ರದ ಹಂಡೆ ಎಲ್ಲಿ ಸಿಗ್ತದೆ? ದೊಡ್ಡದು."

"ಎಂತಕ್ಕೆ?"

"ಎಂತಕ್ಕೆ ಅಂತೆ!" ಎಂದು ಅವನು ತುಳಿಯುವವರ ಕಡೆ ತಿರುಗಿ ನಕ್ಕ. ಅವರೂ ನಕ್ಕರು. ನನ್ನ ಮುಖ ನೋಡಿ ಅವನ ಹೆಂಡತಿ ಮಾತ್ರ ನಗಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಪಾನನಿರೋಧ ಜಾರಿಯಲ್ಲಿತ್ತು. ಭಟ್ಟಿ ಇಳಿಸುವುದು ಬಿಡಿ, ಅಮಲೇರಿದ ರಸ ಇಟ್ಟುಕೊಂಡರೂ ಕೇಸು. ನಾನು ಅದನ್ನು ಹೇಳಿದೆ. ಅವನಿಗೆ ಗೊತ್ತಿಲ್ಲದ್ದೇನಲ್ಲ. ಕಾರವಾರದ ಕಡೆಯವರು ರಾತ್ರಿ ಹೊಳೆ ದಾಟಿ ಬಂದು ಫೆಣಿ, ಅಂದರೆ ಗೇರುಹಣ್ಣಿನ ಸಾರಾಯಿ, ಒಯ್ಯುವುದನ್ನು ಅವನು ಹುಟ್ಟಿದಾಗಿನಿಂದ ನೋಡಿದವನು.

"ಆದರೆ ನೀವು ಸರಕಾರದ ಕಾಗದ ಕೈಯಲ್ಲಿ ಹಿಡಿದುಕೊಂಡು ಬಂದಿರಿ. ಎಲ್ಲರೆದುರು ಎದ್ದು ನಿಂತು ಬೊಂಡು ನಿಮಗೆ ಅಂತ ಹೇಳಿದಿರಿ. ಲೈಸೆನ್ಸ್ ಉಂಟು ಅಂತ ತಿಳಕೊಂಡೆ. ಲೈಸೆನ್ಸ್ ಇಲ್ಲದೆ ಬೊಂಡನ್ನು ಯಾರಾದರೂ ಯಾಕೆ ಕೊಡ್ತಾರೆ?"

"ನಾನು ಅವತ್ತೇ ಕೇಳು ಅಂತ ಹೇಳಿದೆ," ಎಂದಳು ಹೆಂಡತಿ.

"ನೀನು ದಿನಕ್ಕೆ ನೂರು ಹೇಳ್ತಿ. ಯಾವುದನ್ನು ಕೇಳುವುದು?"

ಆಮೇಲೆ ಅವನು ನಿಧಾನವಾಗಿ ವಿವರಿಸಿದ. ಅವರ ಕಡೆ ಗೇರಿನ ಗುಡ್ಡಗಳನ್ನು ಪ್ರತಿ ಹಂಗಾಮಿಗೂ ಹರಾಜು ಹಾಕುತ್ತಾರೆ. ತಲೆತಲಾಂತರದಿಂದ ಅವರ ಮನೆಯವರು ಹಿಡಿಯುತ್ತಿದ್ದ ಗುಡ್ಡವನ್ನು ಈ ಸಲ ಅವನು ಬಿಟ್ಟುಕೊಟ್ಟಿದ್ದ, ಇಲ್ಲಿ ಇದಕ್ಕಿಂತ ದೊಡ್ಡ ಗುಡ್ಡದ ಹಣ್ಣು ಪೂರ್ತಿ ಸಿಗುತ್ತದೆಂದು. ಅದನ್ನು ಬೇರೆಯವರು ಹಿಡಿದಾಯಿತು. ಬೀಜದ ಕೂಲಿ ಊಟಕ್ಕೆ ಸರಿ. ವರ್ಷ ನಡೆಯುವುದು ಫೆಣಿಯಲ್ಲಿ. ಇಲ್ಲಿ ಕೇಸಾಗಿ ಪರವಾನಗಿ ಹೋದರೆ ಈ ಗುಡ್ಡವೂ ಇಲ್ಲ. ಸುಮ್ಮನೆ ವಾಪಸು ಹೋದರೆ ಆ ಗುಡ್ಡವೂ ಇಲ್ಲ.

ನಾನು ಮಡಕೆಗಳನ್ನು ಚೆಲ್ಲಲು ಹೇಳಿದೆ. ಬೇರೆ ದಾರಿ ಇರಲಿಲ್ಲ. ಮುಕಾದಮ ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ. ಒಂದೊಂದೇ ಮಡಕೆಯನ್ನು ತಾನೇ ಎತ್ತಿ ಬಂಡೆಯ ಅಂಚಿನಿಂದ ಕೆಳಗೆ ಸುರಿದ.

ಮರುದಿನದಿಂದ ಕೆಲಸ ಜೋರಾಯಿತು. ಮಾಡಿದ ರೀತಿ ಮಾತ್ರ ಬೇರೆ. ಕೂರುವವರು ಯಾರೂ ಇಲ್ಲ. ಗಂಡಸರು ಮರ ಹತ್ತಿ ಗೆಲ್ಲು ಅಲುಗಿಸಿದರು, ಹೆಂಗಸರು ದೋಟಿ ಹಿಡಿದರು. ಬುಟ್ಟಿಗಳು ಬೇಗ ಬೇಗ ತುಂಬಿದವು. ನಾನು ಮೊದಲು ಅದನ್ನು ಸಮಾಧಾನ ಎಂದೇ ತಿಳಿದೆ. ಬಂದರಿನಲ್ಲಿ ಕಾರ್ಖಾನೆಯವನು ಹಿಡಿ ತೆಗೆದು ನೀರಿಗೆ ಹಾಕಿದ. ತೇಲಿತು.

"ನಮ್ಮೂರಿನ ಹಾಗೆ ಹೆಕ್ಲಿಕ್ಕೆ ಗೋವೆಯವರು ಬೇಕಿತ್ತಾ?" ಎಂದರು ಸಾಹುಕಾರರು. ಈ ಸಲ ತಮಾಷೆ ಇರಲಿಲ್ಲ.

ನಾನು ಗುಡ್ಡಕ್ಕೆ ಹೋಗಿ ಮುಕಾದಮನನ್ನು ಕೇಳಿದೆ: ಯಾಕೆ ಅಲುಗಿಸುತ್ತೀರಿ, ನೀವು ಕಾಯುವವರಲ್ಲವೇ?

"ಕಾಯುವುದು ಬೊಂಡಿಗೆ, ಬಾಬ್. ತಾನಾಗಿ ಬಿದ್ದ ಹಣ್ಣಿನಲ್ಲಿ ಮಾತ್ರ ರಸ ಇರ್ತದೆ. ಬೀಜಕ್ಕೆ ಯಾರು ಕಾಯ್ತಾರೆ?"

ಬಲಿತ ಬೀಜ ಅವರ ಉದ್ದೇಶವೇ ಆಗಿರಲಿಲ್ಲ. ಹಣ್ಣಿಗೆ ಕಾದಾಗ ಜೊತೆಗೆ ಸಿಗುತ್ತಿದ್ದದ್ದು ಅದು. ನಾವು ಹಣ್ಣನ್ನು ಕಿತ್ತುಕೊಂಡು ತಾಳ್ಮೆಯನ್ನು ಮಾತ್ರ ಇಟ್ಟುಕೊಳ್ಳಲು ನೋಡಿದ್ದೆವು.

ಸಾಹುಕಾರರಿಗೆ ಇದನ್ನು ಹೇಳಿದಾಗ ಅವರು ಎರಡೂ ಕೈ ಎತ್ತಿಬಿಟ್ಟರು. "ನನ್ನ ಗುಡ್ಡದಲ್ಲಿ ಸಾರಾಯಿಯ ಹೊಗೆ ಎದ್ರೆ ಶುಕ್ರವಾರ ಮಸೀದಿಗೆ ಯಾವ ಮುಖ ತಕ್ಕೊಂಡು ಹೋಗ್ಲಿ? ಪೊಲೀಸರು ಬಿಟ್ರೂ ನಾನು ಬಿಡುದಿಲ್ಲ. ಆಗುದಿಲ್ಲ ಅಂತಾದ್ರೆ ಕಳಿಸಿಬಿಡಿ. ಈ ವಾರದ ಹಾಜರಿ ಆದ ಕೂಡ್ಲೆ ಬಸ್ಸು ಹತ್ತಿಸಿ."

ಮುಂದಿನ ಭಾಗವನ್ನು ನಾನು ಬೇರೆ ಬೇರೆಯವರಿಗೆ ಬೇರೆ ಬೇರೆ ರೀತಿಯಲ್ಲಿ ಹೇಳಿದ್ದೇನೆ. ಒಂದರಲ್ಲಿ ಉಪಾಯ ನನ್ನದು. ಬಿಜೈಯಲ್ಲಿದ್ದ ನನ್ನ ಮಾವ್ಶಿ, ಅಂದರೆ ತಾಯಿಯ ಅಕ್ಕ, ಸಾಯುವ ತನಕ ಅದು ತನ್ನದೆಂದೇ ಹೇಳುತ್ತಿದ್ದಳು. ಮುಕಾದಮನ ಹೆಂಡತಿಯನ್ನು ಕೇಳಿದರೆ ಅವಳು ತನ್ನ ಅತ್ತೆಯದು ಎನ್ನುತ್ತಿದ್ದಳೋ ಏನೋ. ನನಗೆ ಕಾಣುವ ಚಿತ್ರ ಇಷ್ಟೇ: ಆದಿತ್ಯವಾರ, ಪೂಜೆ ಮುಗಿಸಿ ಮಾವ್ಶಿಯ ಮನೆಯಲ್ಲಿ ಊಟಕ್ಕೆ ಕೂತಿದ್ದೇನೆ. ತಟ್ಟೆಯಲ್ಲಿ ಹಂದಿಮಾಂಸ.

"ಹೇಗುಂಟು?" ಎಂದಳು.

"ಒಳ್ಳೆದುಂಟು."

"ಸುಳ್ಳು ಹೇಳ್ಬೇಡ. ಅಂಗಡಿಯ ಶೀಶೆಯದ್ದು ಹಾಕಿದ್ದು. ಅದು ಶಿರ್ಕೊ ಅಲ್ಲ, ಆಸಿಡ್. ಶೇಂದಿ ನಿಂತಲ್ಲಿಂದ ಈ ಊರಲ್ಲಿ ಒಂದು ಮನೆಯಲ್ಲಾದರೂ ಸರಿಯಾದ ಶಿರ್ಕೊ ಉಂಟಾ ಹೇಳು. ಕುಡುಕರನ್ನು ನಿಲ್ಲಿಸ್ಲಿಕ್ಕೆ ಹೋಗಿ ನಮ್ಮ ಅಡುಗೆ ನಿಲ್ಲಿಸಿದ್ರು."

ಶಿರ್ಕೊ ಎಂದರೆ ವಿನೆಗರ್. ಪಾನನಿರೋಧಕ್ಕೆ ಮೊದಲು ನಮ್ಮ ಮನೆಗಳಲ್ಲಿ ಶೇಂದಿಯನ್ನು ಭರಣಿಯಲ್ಲಿ ಹುಳಿಯಾಗಲು ಬಿಟ್ಟು ಅದನ್ನು ಮಾಡುತ್ತಿದ್ದರು. ಮಾವ್ಶಿಯ ಅಟ್ಟದಲ್ಲಿ ಹಳೆಯ ಕಾಲದ ಒಂದೇ ಒಂದು ಭರಣಿ ಉಳಿದಿತ್ತು, ಕ್ರಿಸ್ಮಸ್ಸಿಗೆ ಚಮಚೆಯಲ್ಲಿ ಅಳೆದು ತೆಗೆಯುವುದು.

ಗೇರುಹಣ್ಣಿನ ರಸವೂ ಹುಳಿಯಾಗುತ್ತದೆ. ಮುಕಾದಮನ ಹೆಂಡತಿಯನ್ನು ಕೇಳಿದಾಗ ಆಗುತ್ತದೆ, ನನ್ನ ಅತ್ತೆ ಮಾಡುತ್ತಿದ್ದಳು ಎಂದಳು.

"ಕೆಟ್ಟುಹೋದ ನೀರೊದಿಂದ ಮಾಡ್ತಿದ್ದಳು," ಎಂದ ಮುಕಾದಮ. "ಒಳ್ಳೆಯದನ್ನು ಕೆಡಿಸಿ ಅಲ್ಲ. ನಮ್ಮ ಕಡೆ ಯಾರ ಮಡಕೆ ಶಿರ್ಕೊ ಆಗ್ತದೋ ಅವನ ಹತ್ತಿರ ಆ ವರ್ಷ ಯಾರೂ ಕೊಳ್ಳುವುದಿಲ್ಲ. ಕೈ ಹೋಯಿತು ಅಂತಾರೆ."

ಒಂದು ತೊಡಕು ಉಳಿದಿತ್ತು. ಸಿಹಿ ರಸ ಹುಳಿಯಾಗುವ ಮೊದಲು ನಡುವೆ ಕೆಲವು ದಿನ ಅಮಲಿನ ರಸವಾಗಿಯೇ ಇರುತ್ತದೆ. ಆ ದಿನಗಳಲ್ಲಿ ಯಾರಾದರೂ ಬಂದು ಹಿಡಿದರೆ ನಾವು ಮುಂದೆ ವಿನೆಗರ್ ಮಾಡುವವರು ಎಂಬ ಮಾತನ್ನು ಯಾರು ಕೇಳುತ್ತಾರೆ? ಬಚ್ಚಿಟ್ಟು ಮಾಡುವುದು ಸಾಧ್ಯವಿತ್ತು. ಗುಡ್ಡಕ್ಕೆ ಯಾರೂ ಬರುವುದಿಲ್ಲ. ಸಾಹುಕಾರರೂ ಹಾಗೇ ಸೂಚಿಸಿದರು, ಸೂಚಿಸಲಿಲ್ಲ ಎಂದು ಆಣೆಯಿಟ್ಟು ಹೇಳಬಹುದಾದಷ್ಟು ನಾಜೂಕಾಗಿ. ನಾನು ಎರಡು ದಿನ ಯೋಚಿಸಿದೆ. ಮೂರನೆಯ ದಿನ ಪಾನನಿರೋಧದ ಇನ್ಸ್‌ಪೆಕ್ಟರರ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಧೈರ್ಯವೇನಲ್ಲ. ಸಿಕ್ಕಿಬಿದ್ದರೆ ಆಗುವುದನ್ನು ಬರೆದ ಕಾಗದದ ಕೆಳಗೆ ನನ್ನ ಸಹಿ ಇತ್ತು.

ಇನ್ಸ್‌ಪೆಕ್ಟರರು ಮೈಸೂರಿನ ಕಡೆಯವರು, ರಾಜ್ಯ ಒಂದಾದ ಮೇಲೆ ಇಲ್ಲಿಗೆ ಬಂದವರು. ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಏನ್ರೀ, ನೀವಾಗೇ ಬಂದು ಹೇಳ್ತಿದ್ದೀರಲ್ಲ! ಈ ಆಫೀಸಿಗೆ ಯಾರೂ ಅವರಾಗೇ ಬಂದದ್ದನ್ನ ನಾನು ನೋಡಿಲ್ಲ."

"ಹಣ್ಣು ಸುಮ್ಮನೆ ಹಾಳಾಗ್ತದೆ ಸರ್. ವಿನೆಗರ್‌ಗೆ ತಕರಾರಿಲ್ಲ ಅಲ್ವಾ?"

"ವಿನೆಗರ್‌ಗೆ ಇಲ್ಲ. ಹುಳಿ ಆಗೋಕೆ ಮುಂಚೆ ಅದು ಏನಾಗಿರುತ್ತೆ?"

ನಾನು ಕಿಟಕಿಯ ಕಡೆ ನೋಡಿದೆ.

"ಹೇಳ್ರೀ. ಹೆಂಡ ತಾನೆ?"

"ಹೌದು ಸರ್."

ಅವರು ಬಹಳ ಹೊತ್ತು ಮೇಜಿನ ಮೇಲಿನ ಪೇಪರ್‌ವೆಯ್ಟನ್ನು ತಿರುಗಿಸಿದರು. ಆಮೇಲೆ ಹೇಳಿದರು: ರಸ ಹಿಂಡಿದ ಕೂಡಲೇ, ಸಿಹಿಯಾಗಿರುವಾಗಲೇ, ಅದಕ್ಕೆ ಹಳೆಯ ವಿನೆಗರ್ ಮತ್ತು ಉಪ್ಪು ಸುರಿಯಬೇಕು. ಯಾವ ಕುಡುಕನೂ ಬಾಯಿಗಿಡದ ಹಾಗೆ. ಹಾಗೆ ಮಾಡಿದರೆ ಅದು ಯಾವ ಗಳಿಗೆಯಲ್ಲೂ ಕುಡಿಯುವ ವಸ್ತು ಆಗಿರುವುದಿಲ್ಲ.

"ನಾಳೆ ಬೆಳಿಗ್ಗೆ ನಾನೇ ಬರ್ತೀನಿ. ಅವರ ಯಜಮಾನ ಯಾರೋ ಅವನೇ ನನ್ನ ಮುಂದೆ ಸುರೀಬೇಕು. ಸುರಿದರೆ ಸರಿ. ಸುರೀಲಿಲ್ಲ ಅಂದ್ರೆ ನಿಮ್ಮ ಗೋವಾದವರ ವಿಷಯ ನಾಳೆಯೇ ಪೊಲೀಸಿಗೆ ಹೋಗುತ್ತೆ."

ಮಾವ್ಶಿ ಭರಣಿಯನ್ನು ಅಟ್ಟದಿಂದ ಇಳಿಸಲು ಒಪ್ಪಿದ್ದೇ ದೊಡ್ಡದು. "ಇದು ಹಾಳಾದ್ರೆ ನಿನ್ನ ಮದುವೆಯ ಊಟಕ್ಕೂ ಆಸಿಡೇ ಗತಿ, ನೆನಪಿಟ್ಟುಕೋ," ಎಂದಳು.

ಬೆಳಿಗ್ಗೆ ಬಂಡೆಯ ಮೇಲೆ ಹೊಸದಾಗಿ ಹಿಂಡಿದ ರಸದ ಮಡಕೆಗಳು ಸಾಲಾಗಿದ್ದವು. ಇನ್ಸ್‌ಪೆಕ್ಟರರು ಬೆವರು ಒರೆಸಿಕೊಳ್ಳುತ್ತ ಬಂದರು, ಜೊತೆಗೆ ಅವರ ಜವಾನ. ಸಾಹುಕಾರರು ಗಾಳಿ ಬೀಸುವ ದಿಕ್ಕು ನೋಡಿಕೊಂಡು ದೂರದ ಮರದಡಿ ನಿಂತಿದ್ದರು. ನಾನು ಭರಣಿಯನ್ನು ಮಡಕೆಗಳ ಪಕ್ಕದಲ್ಲಿ ಇಟ್ಟು, ಮೇಲೆ ಸೌಟು ಇಟ್ಟೆ. ಮುಕಾದಮ ಕೈ ಕಟ್ಟಿಕೊಂಡು ನಿಂತಿದ್ದ.

"ಹೂಂ," ಎಂದರು ಇನ್ಸ್‌ಪೆಕ್ಟರರು.

ಅವನು ಅಲುಗಲಿಲ್ಲ.

"ಸುರಿ," ಎಂದಳು ಹೆಂಡತಿ ಕೊಂಕಣಿಯಲ್ಲಿ.

"ಇದು ಮೊದಲನೇ ತುಳಿತದ್ದು. ನೋಡು, ಬಣ್ಣ ನೋಡು. ನನ್ನ ಕೈಯಿಂದ ಆಗುವುದಿಲ್ಲ."

"ಗುಡ್ಡ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಆ ಕೈ ಇಟ್ಟುಕೊಂಡು ಎಂತ ಮಾಡ್ತಿ?"

"ಏನಂತಾರೆ?" ಎಂದು ಇನ್ಸ್‌ಪೆಕ್ಟರರು ನನ್ನನ್ನು ಕೇಳಿದರು. ಅಳತೆ ಎಷ್ಟು ಅಂತ ಮಾತಾಡ್ತಿದ್ದಾರೆ ಎಂದೆ.

ಇಲ್ಲಿ ನನ್ನಲ್ಲಿ ಎರಡು ನೆನಪುಗಳಿವೆ, ಎರಡೂ ಅಷ್ಟೇ ಸ್ಪಷ್ಟ. ಒಂದರಲ್ಲಿ ಹೆಂಡತಿ ಸೌಟು ಎತ್ತುತ್ತಾಳೆ, ಅವನು ಅವಳ ಕೈಯಿಂದ ಅದನ್ನು ಕಿತ್ತುಕೊಂಡು, ಭರಣಿಯಲ್ಲಿ ಅದ್ದಿ, ಮಡಕೆಯಿಂದ ಮಡಕೆಗೆ ಹೋಗುತ್ತಾನೆ. ಇನ್ನೊಂದರಲ್ಲಿ ಅವಳೇ ಸುರಿಯುತ್ತಾಳೆ, ಸೌಟಿನ ಹಿಡಿಯ ತುದಿಯನ್ನು ಅವನು ಎರಡು ಬೆರಳಿನಿಂದ ಮುಟ್ಟಿಕೊಂಡಿರುತ್ತಾನೆ, ಮುಖ ಕಡಲಿನ ಕಡೆಗೆ. ಇನ್ಸ್‌ಪೆಕ್ಟರರು ತಕರಾರು ಮಾಡಲಿಲ್ಲ. ಆದ್ದರಿಂದ ಮೊದಲನೆಯದೇ ನಿಜವಿರಬೇಕು. ಅಥವಾ ಅವರು ಆ ಹೊತ್ತಿಗೆ ಕನ್ನಡಕ ಒರೆಸುತ್ತಿದ್ದಿರಬೇಕು. ಉಪ್ಪು ಹಾಕಿದ್ದು ಮಾತ್ರ ನಾನು.

ಇನ್ಸ್‌ಪೆಕ್ಟರರು ಜವಾನನಿಗೆ ಒಂದು ಗುಟುಕು ಕುಡಿದು ನೋಡಲು ಹೇಳಿದರು. ಅವನು ಆಸೆಯಿಂದಲೇ ಬಂದ. ಕುಡಿದವನು ಮುಖ ಹಿಂಡಿ, ಬಂಡೆಯ ಅಂಚಿಗೆ ಓಡಿ ಉಗುಳಿದ. "ಸಾರ್, ಇದು ಮನುಷ್ಯರು ಕುಡಿಯೋದಲ್ಲ." ಗುಡ್ಡದಲ್ಲಿ ಬಹಳ ದಿನಗಳ ಮೇಲೆ ಎಲ್ಲರೂ ಒಟ್ಟಿಗೆ ನಕ್ಕರು. ಒಬ್ಬನನ್ನು ಬಿಟ್ಟು.

ಇನ್ಸ್‌ಪೆಕ್ಟರರು ಇಳಿದು ಹೋದ ಮೇಲೆ ಸಾಹುಕಾರರು ಹತ್ತಿರ ಬಂದರು. "ಸುರ್ಕ ಹಲಾಲ್," ಎಂದರು, ಅವರ ಭಾಷೆಯಲ್ಲಿ ವಿನೆಗರ್‌ಗೆ ಹಾಗೆನ್ನುತ್ತಾರೆ. "ನಡುವಿನಲ್ಲಿ ಎಂತ ಆಗ್ತದೆ ಅಂತ ನಾನು ಕೇಳುದಿಲ್ಲ. ನೀವು ಹೇಳುದೂ ಬೇಡ."

ಮತ್ತೆ ಯಾರೂ ಮರ ಅಲುಗಿಸಲಿಲ್ಲ. ಗುಡಿಸಿದ ನೆಲದ ಮೇಲೆ ಹಣ್ಣು ತಾನಾಗಿ ಬಿತ್ತು, ಬೀಜ ನೀರಿನಲ್ಲಿ ಮುಳುಗಿತು. ಬೆಳಿಗ್ಗೆ ಬೆಳಿಗ್ಗೆ ಜವಾನ ಬಂದು ಹುಳಿ ಸುರಿಯುವುದನ್ನು ನೋಡಿ ಹೋಗುತ್ತಿದ್ದ, ಬಾಯಿಗಿಡಲು ಮಾತ್ರ ಮತ್ತೆ ಒಪ್ಪಲಿಲ್ಲ. ಮಡಕೆಗಳ ಬಾಯಿಗೆ ತೆಳು ಬಟ್ಟೆ ಕಟ್ಟಿ ಬಿಡಾರದ ನೆರಳಿನಲ್ಲಿ ಇಟ್ಟರು. ಮುಚ್ಚಳ ಹಾಕುವಂತಿಲ್ಲ, ಗಾಳಿ ಆಡಬೇಕು. ಕೆಲವು ಕೆಟ್ಟವು, ಉಪ್ಪು ಹೆಚ್ಚಾಗಿ ಹುಳಿಯೇ ಏರಲಿಲ್ಲ. ಅಳತೆ ಸರಿಯಾಗಲು ಸಮಯ ಹಿಡಿಯಿತು. ಮೊದಲು ಇಳಿದದ್ದನ್ನು ಮುಕಾದಮನ ಹೆಂಡತಿ ತಲೆಯ ಮೇಲೆ ಹೊತ್ತು ಬಿಜೈ, ಉರ್ವದ ಮನೆಗಳಿಗೆ ಒಯ್ದಳು. ಅವಳ ಕೊಂಕಣಿ ಕೇಳಿ ನಮ್ಮ ಹೆಂಗಸರು ಮೊದಲು ನಕ್ಕರು, ಆಮೇಲೆ ಬೆರಳಿನಲ್ಲಿ ಅದ್ದಿ ನೆಕ್ಕಿದರು, ಆಮೇಲೆ ಒಳಗಿನಿಂದ ಶೀಶೆ ತಂದರು. ಮಾವ್ಶಿ ತನ್ನ ಭರಣಿ ತುಂಬಿಸಿಕೊಂಡು, ಹಳೆಯದರಷ್ಟು ಆಗಲಿಲ್ಲ ಎಂದಳು. ಎಲ್ಲರಿಗೂ ಹೇಳಿ ಕಳಿಸಿದವಳೂ ಅವಳೇ.

ಫೆಣಿಯಷ್ಟು ಆಗಲಿಲ್ಲ, ಅದನ್ನು ಮರೆಮಾಚುವುದು ಬೇಡ. ಆದರೆ ಬರಿಗೈಯಲ್ಲಿ ಹೋಗುವುದು ತಪ್ಪಿತು.

ಮುಕಾದಮ ತುಳಿಯುವುದು, ಹಿಂಡುವುದು ತಾನೇ ಮಾಡುತ್ತಿದ್ದ, ಬಳ್ಳಿ ಬಿಗಿಯಲು ಬೇರೆಯವರಿಗೆ ಬಿಡುತ್ತಿರಲಿಲ್ಲ. ರಸ ಮಡಕೆಗೆ ಇಳಿದ ಕೂಡಲೇ ಅಲ್ಲಿಂದ ಎದ್ದು ಹೋಗುತ್ತಿದ್ದ. ಆ ನೆರಳಿನ ಕಡೆ ಅವನು ಕಾಲಿಟ್ಟದ್ದನ್ನು ನಾನು ನೋಡಲಿಲ್ಲ. ರುಚಿ ನೋಡು ಎಂದು ಹೆಂಡತಿ ಹೇಳಿದಾಗ, "ಅದು ನಿನ್ನದು" ಎನ್ನುತ್ತಿದ್ದ.

ಮೋಡ ಕಟ್ಟುವ ಮೊದಲೇ ಅವರ ಗಡುವು ಮುಗಿಯಿತು. ಕೊನೆಯ ಹಾಜರಿ ಹಾಕಿಸಿ, ನಾನೇ ಜೊತೆಗೆ ಹೊರಟೆ. ಅದೇ ಹೊಳೆಗಳು, ಅದೇ ದೋಣಿಗಳು. ಮಾಜಾಳಿಯಲ್ಲಿ ನಮ್ಮ ಕಡೆಯ ಕಾವಲಿನವನು ಗಂಟುಗಳನ್ನು ಬಿಚ್ಚಿಸಿದ. ಹೆಂಡತಿಯ ಗಂಟಿನಲ್ಲಿ, ಸೀರೆಯ ಮಡಿಕೆಯ ನಡುವೆ, ಒಂದು ಶೀಶೆ ಸಿಕ್ಕಿತು.

"ಇದೆಂತದು?"

"ವಿನೆಗರ್," ಎಂದೆ.

"ಇಲ್ಲಿ ಸಿಕ್ಕುವುದೆಲ್ಲಾ ವಿನೆಗರ್ರೇ." ಅವನು ಬಿರಡೆ ತೆಗೆದು ಮೂಸಿದ. "ಗೇರಿನ ವಾಸನೆ ಬರ್ತದೆ."

"ಗೇರಿನದ್ದೇ. ಹುಳಿ ಮಾಡಿದ್ದು. ಇನ್ಸ್‌ಪೆಕ್ಟರರಿಗೆ ಗೊತ್ತುಂಟು."

"ನಿಮ್ಮ ಇನ್ಸ್‌ಪೆಕ್ಟರು ಮಂಗಳೂರಲ್ಲಿ. ನಾನು ಇಲ್ಲಿ." ಅವನು ನನ್ನ ಕೈಯಲ್ಲಿದ್ದ ಕಾಗದಗಳನ್ನು ನೋಡಿದ, ಮೊಹರನ್ನು ಮೇಜಿನ ಮೇಲೆ ದೂರಕ್ಕೆ ಸರಿಸಿದ. ಆಮೇಲೆ ಮುಕಾದಮನ ಕಡೆ ಬೆರಳು ತೋರಿಸಿದ. "ಅವನು ಕುಡಿದು ತೋರಿಸಲಿ. ಒಂದು ಗುಟುಕಲ್ಲ, ಬಾಯಿ ತುಂಬ. ಫೆಣಿಯಾದ್ರೆ ಮುಖ ಹೇಳ್ತದೆ."

ನಾನು ಅದನ್ನು ಕೊಂಕಣಿಗೆ ತಿರುಗಿಸಿದೆ. ಹೆಂಡತಿ ಶೀಶೆಗೆ ಕೈ ಚಾಚಿದಳು, ನಾನು ಕುಡಿಯುತ್ತೇನೆ ಎಂದಳು. ಕಾವಲಿನವನು ತಲೆಯಾಡಿಸಿದ. ಹಿಂದೆ ನಿಂತವರೆಲ್ಲ ಮುಕಾದಮನ ಕಡೆ ನೋಡಿದರು. ಇಷ್ಟು ದಿನ ಅವನು ಮೂಸಿಯೂ ನೋಡಿರಲಿಲ್ಲ ಎಂಬುದು ಅವರಿಗೆಲ್ಲ ಗೊತ್ತಿತ್ತು.

ಮುಕಾದಮ ಶೀಶೆ ತೆಗೆದುಕೊಂಡ. ಬಾಯಿ ತುಂಬ ಎತ್ತಿದ. ಮುಖದಲ್ಲಿ ಒಂದು ನರವೂ ಮಿಸುಕಲಿಲ್ಲ. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡ, ರುಚಿ ನೋಡುವವರು ಇಟ್ಟುಕೊಳ್ಳುವ ಹಾಗೆ, ನಾಲಿಗೆಯಿಂದ ಈಚೆ ಆಚೆ ಮಾಡಿ. ಕಣ್ಣಿನಲ್ಲಿ ಮಾತ್ರ ನೀರು ಬಂತು. ಆಮೇಲೆ ಶೀಶೆಯನ್ನು ಹೆಂಡತಿಯ ಕೈಗೆ ಕೊಟ್ಟು, ನನ್ನ ಕಡೆ ತಿರುಗಿ ಹೇಳಿದ:

"ರಸ ಒಳ್ಳೆಯದಿತ್ತು, ಬಾಬ್. ಇದರಿಂದ ಒಳ್ಳೆಯ ಫೆಣಿ ಆಗ್ತಿತ್ತು."

"ಎಂತ ಹೇಳ್ದ?" ಎಂದು ಕಾವಲಿನವನು ಕೇಳಿದ.

"ಹುಳಿ ಜಾಸ್ತಿ ಆಯಿತು ಅಂತ ಹೇಳಿದ."

ಅವನು ಮುಕಾದಮನ ಕಣ್ಣನ್ನು ಇನ್ನೊಮ್ಮೆ ನೋಡಿ, ಮೊಹರನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದೊಂದೇ ಕಾಗದದ ಮೇಲೆ ಒತ್ತಿದ. ಅವರು ಸಾಲಾಗಿ ದಾಟಿದರು. ಮುಕಾದಮ ಕೊನೆಯಲ್ಲಿ ಹೋದ, ಹಿಂದೆ ತಿರುಗಿ ನೋಡಲಿಲ್ಲ, ಅಥವಾ ನೋಡಿದ.

ಬಂಡೆಯ ಮೇಲೆ ಸೌಟು ಹಿಡಿದ ಕೈ ಯಾರದೆಂದು ನಾನು ಇವತ್ತಿಗೂ ಹೇಳಲಾರೆ. ಆದರೆ ಆ ದಿನ ಮಾಜಾಳಿಯಲ್ಲಿ ಅವನು ಅದನ್ನು ಉಗುಳಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ಗಂಟಲಿನ ಗಂಟು ಮೇಲೆ ಹೋಗಿ ಕೆಳಗಿಳಿದದ್ದನ್ನು ನೋಡಿದ್ದೇನೆ. ನುಂಗಿದ.